ನಂಬಿಕೆಗಳ ಬಳುವಳಿ

ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಆಸ್ತಿ ಎರಡು ಬಗೆಯದು. ಹೊಲ, ಮನೆ, ಎತ್ತು, ಬಂಡಿ, ಒಡವೆ ಇವೆಲ್ಲ ಕಣ್ಣಿಗೆ ಕಾಣುವ ಆಸ್ತಿ. ಇವುಗಳಿಗೆ ಕಾಗದಪತ್ರಗಳುಂಟು. ಪಾಲಾಗುವ ದಿನ ಊರ ಹಿರಿಯರು ಕುಳಿತು ಇವನ್ನು ಎಣಿಸುತ್ತಾರೆ, ಅಳೆಯುತ್ತಾರೆ. ಎರಡನೆಯದು ಕಣ್ಣಿಗೆ ಕಾಣದ ಆಸ್ತಿ. ನುಡಿ, ನಡೆ, ಊಟದ ರುಚಿ, ಭಯ, ಭಕ್ತಿ, ನಂಬಿಕೆ ಇವು ಈ ಬಗೆಗೆ ಸೇರಿದವು. ಇವುಗಳಿಗೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಯಾವ ದಿನ, ಯಾರ ಕೈಯಿಂದ ಬಂದವೆಂಬುದೂ ನಮಗೆ ತಿಳಿಯದು. ಹೊಲ ಕೈಗೆ ಬಂದಾಗ ಅದರ ಮೇಲೆ ಸಾಲವೇನಾದರೂ ಇದೆಯೇ ಎಂದು ನಾವು ತಪ್ಪದೆ ವಿಚಾರಿಸುತ್ತೇವೆ. ಆದರೆ ನಂಬಿಕೆ ಕೈಗೆ ಬಂದಾಗ ಅಂಥ ವಿಚಾರಣೆಯನ್ನು ಮಾಡುವವರು ವಿರಳ. ಕೆಲವು ನಂಬಿಕೆಗಳ ಮೇಲೆಯೂ ಸಾಲವಿರುತ್ತದೆ. ಆ ಸಾಲವನ್ನು ತೀರಿಸಬೇಕಾದವರು ಎಷ್ಟೋ ವೇಳೆ ಏನೂ ಅರಿಯದ ಮಕ್ಕಳು. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ನಿದರ್ಶನಗಳಿಂದ ಈ ಮಾತನ್ನು ವಿಚಾರ ಮಾಡೋಣ.

ಮಗುವು ಹುಟ್ಟುವಾಗ ಯಾವ ನಂಬಿಕೆಯನ್ನೂ ಹೊತ್ತು ಬರುವುದಿಲ್ಲ. ಅದು ನೋಡಿ ಕಲಿಯುತ್ತದೆ, ಕೇಳಿ ಕಲಿಯುತ್ತದೆ, ಹೆದರಿ ಕಲಿಯುತ್ತದೆ. ರಾಮದುರ್ಗದ ನೇಕಾರರ ಮನೆಯ ಬಾಲಕನಿಗೆ ಮಗ್ಗದ ಪಾಠವನ್ನು ಯಾರೂ ಪುಸ್ತಕ ಹಿಡಿದು ಹೇಳಿಕೊಡುವುದಿಲ್ಲ. ತಂದೆಯ ಕೈಯ ಲಾಳಿ ಅತ್ತಿತ್ತ ಓಡುವುದನ್ನು ನೋಡುತ್ತ ನೋಡುತ್ತ ಅವನು ಹಾಸುಹೊಕ್ಕುಗಳ ಮರ್ಮವನ್ನು ಅರಿಯುತ್ತಾನೆ. ಬೈಲಹೊಂಗಲದ ಎರೆಹೊಲದಲ್ಲಿ ಬೆಳೆಯುವ ರೈತನ ಮಗಳು ಎಳ್ಳಮಾವಾಸ್ಯೆಯಂದು ಹಿರಿಯರು ಹೊಲದಲ್ಲಿ ಚರಗ ಚೆಲ್ಲುವುದನ್ನು ನೋಡುತ್ತಾಳೆ. ಭೂಮಿಯು ತಾಯಿ ಎಂಬ ಭಾವನೆ ಅವಳ ಮನಸ್ಸಿನಲ್ಲಿ ಮಾತಿಲ್ಲದೆಯೇ ನೆಲೆಸುತ್ತದೆ. ಹೀಗೆ ಕಸುಬು, ಕೌಶಲ, ನಂಬಿಕೆ ಮೂರೂ ಒಂದೇ ಬಾಗಿಲಿನಿಂದ ಒಳಗೆ ಬರುತ್ತವೆ.

ಮಗುವು ಹಿರಿಯರ ಮಾತನ್ನು ಪ್ರಶ್ನಿಸದೆ ನಂಬುವುದಕ್ಕೆ ಕಾರಣವಿಲ್ಲದಿಲ್ಲ. ‘ಬೆಂಕಿಯನ್ನು ಮುಟ್ಟಬೇಡ’, ‘ಬಾವಿಯಲ್ಲಿ ಬಗ್ಗಿ ನೋಡಬೇಡ’, ‘ಹುತ್ತದೊಳಗೆ ಕೈಯಿಡಬೇಡ’ ಎಂದು ತಾಯಿ ಹೇಳಿದಾಗ ಅದನ್ನು ಪರೀಕ್ಷಿಸಿಯೇ ತಿಳಿಯುತ್ತೇನೆಂದು ಹೊರಟ ಮಗು ಉಳಿಯಲಾರದು. ನಂಬುವುದು ಮಗುವಿನ ಪಾಲಿಗೆ ರಕ್ಷಣೆ. ಆದರೆ ಅದೇ ತಾಯಿ ಅದೇ ದನಿಯಲ್ಲಿ ‘ಬೆಕ್ಕು ಅಡ್ಡ ಬಂದರೆ ಮುಂದೆ ಹೋಗಬೇಡ’, ‘ಹಲ್ಲಿ ಲೊಚಗುಟ್ಟಿತು, ಸ್ವಲ್ಪ ತಡೆ’ ಎಂದೂ ಹೇಳುತ್ತಾಳೆ. ಬೆಂಕಿ ಸುಡುವುದು ಸತ್ಯ, ಬೆಕ್ಕಿನಿಂದ ಕೇಡಾಗುವುದು ಕಲ್ಪನೆ. ಎರಡೂ ಒಂದೇ ಬಾಯಿಂದ, ಒಂದೇ ಪ್ರೀತಿಯಿಂದ ಬಂದುದರಿಂದ ಮಗುವಿಗೆ ಅವುಗಳ ಅಂತರ ತಿಳಿಯುವುದಿಲ್ಲ. ಹೇಳುವ ತಾಯಿಗೂ ತಿಳಿದಿರುವುದಿಲ್ಲ; ಅವಳೂ ತನ್ನ ತಾಯಿಯಿಂದ ಹಾಗೆಯೇ ಕೇಳಿದವಳು.

ಕೆಲವು ಆಚಾರಗಳು ಹುಟ್ಟಿದಾಗ ಅವುಗಳಿಗೆ ತಕ್ಕ ಕಾರಣವೂ ಇದ್ದಿರಬಹುದು. ದೀಪ ಹಚ್ಚಿದ ಮೇಲೆ ಕಸ ಗುಡಿಸಿ ಹೊರಗೆ ಚೆಲ್ಲಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ಚಿಮಣಿಯ ಮಂದ ಬೆಳಕಿನಲ್ಲಿ ಗುಡಿಸಿದರೆ ನೆಲಕ್ಕೆ ಬಿದ್ದ ಮೂಗುತಿಯೋ ಬೆಂಡೋಲೆಯೋ ಕಸದೊಡನೆ ಹೊರಬೀಳುವ ಸಂಭವವಿತ್ತು. ಇಂದು ಮನೆಯಲ್ಲಿ ವಿದ್ಯುತ್ತಿನ ಬೆಳಕಿದೆ. ಕಾರಣ ಹೋಗಿದೆ, ರೂಢಿ ಮಾತ್ರ ಉಳಿದಿದೆ. ಕಾರಣವನ್ನು ಕಳೆದುಕೊಂಡ ರೂಢಿಗೆ ಜನರು ‘ಲಕ್ಷ್ಮಿ ಹೊರಟುಹೋಗುತ್ತಾಳೆ’ ಎಂಬ ಭಯವನ್ನು ಬೆಂಬಲವಾಗಿ ಕೊಟ್ಟಿದ್ದಾರೆ. ಇಂಥ ರೂಢಿಯಿಂದ ಯಾರಿಗೂ ಕೇಡಿಲ್ಲ. ಅದನ್ನು ಪಾಲಿಸಿದರೂ ಆಗಬಹುದು, ಬಿಟ್ಟರೂ ಆಗಬಹುದು.

ಪರಂಪರಾಗತವಾಗಿ ಬಂದುದೆಲ್ಲ ಹುರುಳಿಲ್ಲದುದೆಂದು ತಿಳಿಯುವುದು ಸರಿಯಲ್ಲ. ಹಿರಿಯರಿಂದ ಕಿರಿಯರಿಗೆ ಬಾಯಿಂದ ಬಾಯಿಗೆ ಬಂದ ಮಾತು ಒಂದು ನಾಡಿನ ಮಾನವನ್ನು ಹೇಗೆ ಕಾಯಬಲ್ಲುದೆಂಬುದಕ್ಕೆ ಕಿತ್ತೂರು ಒಳ್ಳೆಯ ನಿದರ್ಶನ. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ 1824ರಲ್ಲಿ ತೀರಿಕೊಂಡನು. ಅವನ ದತ್ತುಪುತ್ರನ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಒಪ್ಪಲಿಲ್ಲ. ರಾಣಿ ಚೆನ್ನಮ್ಮನು ತಲೆಬಾಗಲಿಲ್ಲ. 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಹತನಾದನು. ಅದೇ ವರ್ಷದ ಡಿಸೆಂಬರಿನಲ್ಲಿ ಕಂಪನಿಯು ದೊಡ್ಡ ಸೈನ್ಯವನ್ನು ತಂದು ಕೋಟೆಯನ್ನು ಗೆದ್ದಿತು. ಚೆನ್ನಮ್ಮನು ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು, 1829ರಲ್ಲಿ ಅಲ್ಲಿಯೇ ಕಾಲವಾದಳು. ಅವಳ ಸಮಾಧಿ ಇಂದಿಗೂ ಆ ಊರಿನಲ್ಲಿದೆ. ಹೋರಾಟವನ್ನು ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.

ಕಂಪನಿಯ ಕಣ್ಣಿಗೆ ಇವರೆಲ್ಲ ದಂಗೆಕೋರರು. ಆ ಕಾಲದ ಸರಕಾರವಾಗಲಿ, ಅದರ ಶಾಲೆಗಳಾಗಲಿ ಚೆನ್ನಮ್ಮನನ್ನು ಕೊಂಡಾಡಲಿಲ್ಲ. ಅವಳ ನೆನಪನ್ನು ಉಳಿಸಿದವರು ಬೀಸುವ ಕಲ್ಲಿನ ಮುಂದೆ ಹಾಡಿದ ಹೆಣ್ಣುಮಕ್ಕಳು, ಊರೂರು ತಿರುಗಿದ ಲಾವಣಿಕಾರರು, ಗೀಗೀ ಮೇಳದವರು. ಒಂದು ತಲೆಮಾರಿನ ಮಕ್ಕಳು ಅಜ್ಜಿಯ ಮಡಿಲಲ್ಲಿ ಕೇಳಿದ ಹಾಡನ್ನು ಮುಂದಿನ ತಲೆಮಾರಿಗೆ ಹೇಳಿದರು. ಆ ಹಾಡುಗಳಲ್ಲಿ ಎಲ್ಲವೂ ನಡೆದಂತೆಯೇ ಇದೆಯೆಂದು ಹೇಳಲಾಗದು. ಹಾಡುವವನು ಒಂದನ್ನು ಹತ್ತು ಮಾಡಿ ಹೇಳಿರಬಹುದು. ಆದುದರಿಂದಲೇ ಇತಿಹಾಸಕಾರರು ಹಾಡುಗಳನ್ನು ದಫ್ತರದ ಕಾಗದಗಳೊಡನೆ ಹೋಲಿಸಿ ನೋಡಿದರು. ಉತ್ಪ್ರೇಕ್ಷೆ ಜಾರಿಹೋಯಿತು, ಶೌರ್ಯ ಉಳಿಯಿತು. ಒರೆಗೆ ಹಚ್ಚಿದರೆ ಚಿನ್ನಕ್ಕೆ ಕುಂದಿಲ್ಲ. ಪರೀಕ್ಷೆಗೆ ಅಂಜಬೇಕಾದುದು ಹುಸಿಯೇ ಹೊರತು ಸತ್ಯವಲ್ಲ.

ಕಿತ್ತೂರಿನ ಹಾಡು ಬಂದ ದಾರಿಯಲ್ಲಿಯೇ ಇನ್ನೊಂದು ಬಳುವಳಿಯೂ ಈ ಭಾಗಕ್ಕೆ ಬಂದಿದೆ. ಅದನ್ನು ತಿಳಿಯಲು ಮಲಪ್ರಭೆಯ ಗುಂಟ ಸವದತ್ತಿಗೆ ಬರಬೇಕು. ಸವದತ್ತಿಯ ಬಳಿಯ ಯಲ್ಲಮ್ಮನ ಗುಡ್ಡ ಕರ್ನಾಟಕದ ಹೆಸರಾದ ಯಾತ್ರಾಸ್ಥಳಗಳಲ್ಲಿ ಒಂದು. ರೇಣುಕೆಯ ಕಥೆಯೊಡನೆ ಬೆಸೆದುಕೊಂಡ ಈ ದೇವಿಗೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ಪ್ರದೇಶ, ತೆಲಂಗಾಣಗಳಲ್ಲಿ ಒಕ್ಕಲಿದೆ. ಮಾಘ ಮಾಸದ ಭಾರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಸಿಂಗರಿಸಿದ ಎತ್ತಿನ ಬಂಡಿಗಳು, ಗಾಳಿಯಲ್ಲಿ ತೂರುವ ಭಂಡಾರ, ಚೌಡಿಕೆಯ ನಾದ, ‘ಉಧೋ ಉಧೋ’ ಎಂಬ ಘೋಷ ಇವುಗಳಿಂದ ಗುಡ್ಡವೆಲ್ಲ ತುಂಬಿಹೋಗುತ್ತದೆ. ವರ್ಷವಿಡೀ ದುಡಿದ ಬಡವರಿಗೆ ಅಲ್ಲಿ ನೆಮ್ಮದಿ ದೊರೆಯುತ್ತದೆ. ತಮ್ಮ ದುಃಖವನ್ನು ಹೇಳಿಕೊಳ್ಳಲು ಒಬ್ಬ ತಾಯಿ ದೊರೆಯುತ್ತಾಳೆ. ಈ ಭಕ್ತಿಯನ್ನು ಹೀಗಳೆಯುವ ಅಧಿಕಾರ ಯಾರಿಗೂ ಇಲ್ಲ.

ಆದರೆ ಈ ಭಕ್ತಿಯ ಮರೆಯಲ್ಲಿ ಬಹುಕಾಲ ಬೆಳೆದುಬಂದ ಒಂದು ಕ್ರೂರ ರೂಢಿಯೂ ಉಂಟು. ಅದುವೇ ಹೆಣ್ಣುಮಕ್ಕಳಿಗೆ ‘ಮುತ್ತು ಕಟ್ಟುವ’ ಪದ್ಧತಿ. ಇನ್ನೂ ಅರಿವು ಮೂಡದ ಬಾಲಕಿಯ ಕೊರಳಿಗೆ ಮಣಿಗಳ ಸರವನ್ನು ಕಟ್ಟಿ ಅವಳನ್ನು ದೇವಿಗೆ ಬಿಟ್ಟವಳೆಂದು ಸಾರುತ್ತಿದ್ದರು. ಅಂದಿನಿಂದ ಅವಳು ದೇವದಾಸಿ. ಅವಳಿಗೆ ಮದುವೆಯಿಲ್ಲ. ಪ್ರಾಯಕ್ಕೆ ಬಂದ ಮೇಲೆ ಉಳ್ಳವರ ಭೋಗಕ್ಕೆ ಅವಳು ಗುರಿಯಾಗುತ್ತಿದ್ದಳು. ಅವಳ ಮಕ್ಕಳಿಗೆ ಶಾಲೆಯ ದಾಖಲೆಯಲ್ಲಿ ಬರೆಸಲು ತಂದೆಯ ಹೆಸರಿಲ್ಲ. ಹೀಗೆ ಬಿಡಲ್ಪಟ್ಟವರಲ್ಲಿ ಬಹುಮಟ್ಟಿಗೆ ಎಲ್ಲರೂ ಭೂಮಿಯಿಲ್ಲದ, ಅಸ್ಪೃಶ್ಯತೆಯ ಕಷ್ಟವನ್ನು ಉಂಡ ಕುಟುಂಬಗಳ ಮಕ್ಕಳು. ಊರಿನ ಉಳ್ಳವರ ಮನೆಯ ಹೆಣ್ಣುಮಕ್ಕಳಿಗೆ ದೇವಿಯ ಈ ಕರೆ ಬಂದುದು ಕಾಣದು. ಕರೆದವಳು ದೇವಿಯೇ ಆಗಿದ್ದರೆ ಅವಳು ಬಡವರ ಗುಡಿಸಲುಗಳನ್ನೇ ಏಕೆ ಆರಿಸುತ್ತಿದ್ದಳು? ಇದು ಯಾರಿಗಾದರೂ ಹೊಳೆಯಬೇಕಾದ ಪ್ರಶ್ನೆ. ಆದರೆ ಹಲವು ತಲೆಮಾರುಗಳು ಈ ಪ್ರಶ್ನೆಯನ್ನು ಕೇಳದೆಯೇ ಕಳೆದವು.

ಮಗಳನ್ನು ಹೀಗೆ ಬಿಟ್ಟ ತಂದೆತಾಯಿಗಳು ಕಟುಕರಾಗಿದ್ದರೇ? ಹಾಗೆ ಹೇಳುವುದು ಸುಲಭ. ಆದರೆ ಅದು ಪೂರ್ಣ ಸತ್ಯವಲ್ಲ. ಅವರಲ್ಲಿ ಅನೇಕರು ಮಗಳನ್ನು ಪ್ರೀತಿಸುತ್ತಿದ್ದವರೇ. ಮನೆಯಲ್ಲಿ ಕಾಯಿಲೆ ಬಂದಾಗ, ಗಂಡುಸಂತಾನವಿಲ್ಲದಾಗ, ಬರಗಾಲದಲ್ಲಿ ಹೊಟ್ಟೆಗಿಲ್ಲದಾಗ ಹಿರಿಯರು ತಮಗೆ ಹೇಳಿಕೊಟ್ಟ ಒಂದೇ ಒಂದು ಪರಿಹಾರವನ್ನು ಅವರು ಹಿಡಿದರು. ಅಳುವ ಹುಡುಗಿ “ಯಾಕ ಯವ್ವಾ, ನನಗs ಯಾಕ?” ಎಂದು ಕೇಳಿದರೆ, “ಹಿಂದಿನಿಂದ ನಡಕೊಂತ ಬಂದದ್ದವ್ವಾ, ಹಂಗೆಲ್ಲ ಕೇಳಬಾರದು” ಎಂಬ ಉತ್ತರ ಬರುತ್ತಿತ್ತು. ಆ ತಾಯಿಗೂ ಅವಳ ತಾಯಿ ಕೊಟ್ಟ ಉತ್ತರ ಅದೇ. ಪ್ರೀತಿಯಿಂದ ಕೊಟ್ಟುದೆಲ್ಲ ಒಳ್ಳೆಯದೇ ಆಗಿರಬೇಕೆಂದಿಲ್ಲ. ಪ್ರಶ್ನೆಗೆ ಒಳಗಾಗದ ಪದ್ಧತಿಯು ಪ್ರೀತಿಸುವವರ ಕೈಯಿಂದಲೇ ಪ್ರೀತಿಪಾತ್ರರಿಗೆ ವಿಷವನ್ನು ಉಣಿಸಬಲ್ಲುದು.

ಈ ಪದ್ಧತಿಯನ್ನು ಎತ್ತಿಹಿಡಿದ ನಂಬಿಕೆಗಳಲ್ಲಿ ‘ಜಡೆ’ಯ ನಂಬಿಕೆಯೊಂದನ್ನು ಪರಿಶೀಲಿಸೋಣ. ಬಾಲಕಿಯ ತಲೆಗೂದಲು ಗಂಟುಗಂಟಾಗಿ ಹಗ್ಗದಂತೆ ಹೆಣೆದುಕೊಂಡರೆ ‘ಯಲ್ಲಮ್ಮ ಜಡೆಯಾಗಿ ಬಂದಿದ್ದಾಳೆ, ಈ ಹುಡುಗಿ ಅವಳಿಗೆ ಸಲ್ಲಬೇಕು’ ಎಂದು ಜನರು ನಂಬಿದ್ದರು. ಆ ಜಡೆಗೆ ಕತ್ತರಿ ತಾಗಿಸಿದರೆ ಮನೆಯಲ್ಲಿ ಸಾವು ಸಂಭವಿಸುವುದೆಂಬ ಭಯವಿತ್ತು. ವಸ್ತುಸ್ಥಿತಿ ಏನು? ನಮ್ಮ ತಲೆಯಿಂದ ದಿನವೂ ಹಲವು ಕೂದಲುಗಳು ಉದುರುತ್ತವೆ. ಬಾಚಿದಾಗ ಅವು ಹಣಿಗೆಯಲ್ಲಿ ಬಂದುಬಿಡುತ್ತವೆ. ತೊಳೆಯದೆ, ಬಾಚದೆ ಇದ್ದರೆ ಉದುರಿದ ಕೂದಲು ಉಳಿದ ಕೂದಲಿಗೆ ಸುತ್ತಿಕೊಳ್ಳುತ್ತದೆ. ಎಣ್ಣೆ, ಬೆವರು, ಧೂಳು ಸೇರಿ ಅದು ಬಿಗಿಯುತ್ತದೆ. ನೀರಿಗೆ ಬರವಿರುವ ಊರಿನಲ್ಲಿ, ಹಗಲೆಲ್ಲ ಕೂಲಿಗೆ ಹೋಗುವ ತಾಯಿಯ ಮನೆಯಲ್ಲಿ ಮಗಳ ತಲೆ ಹೀಗಾಗುವುದು ಅಚ್ಚರಿಯಲ್ಲ. ಒಮ್ಮೆ ‘ದೇವಿ ಬಂದಳು’ ಎಂದುಕೊಂಡ ಮೇಲೆ ತಲೆಗೆ ನೀರು ಹಾಕುವುದನ್ನೂ ಬಾಚುವುದನ್ನೂ ನಿಲ್ಲಿಸಿ ಭಂಡಾರವನ್ನು ಹಚ್ಚುತ್ತಿದ್ದರು. ಅದರಿಂದ ಜಡೆ ಮತ್ತಷ್ಟು ಗಟ್ಟಿಯಾಗುತ್ತಿತ್ತು. ನಂಬಿಕೆಯೇ ತನಗೆ ಬೇಕಾದ ಸಾಕ್ಷಿಯನ್ನು ಬೆಳೆಸಿಕೊಂಡ ಬಗೆ ಇದು! ಮುಂದೆ ಕರ್ನಾಟಕದಲ್ಲಿಯೂ ನೆರೆಯ ಮಹಾರಾಷ್ಟ್ರದಲ್ಲಿಯೂ ಕಾರ್ಯಕರ್ತರು ಮನೆಮನೆಗೆ ಹೋಗಿ, ಹಿರಿಯರನ್ನು ಒಪ್ಪಿಸಿ, ಅನೇಕ ಮಹಿಳೆಯರ ಜಡೆಯನ್ನು ಕತ್ತರಿಸಿದರು. ಯಾವ ಮನೆಗೂ ದೇವಿಯ ಮುನಿಸು ತಾಗಲಿಲ್ಲ. ಹೇನು, ಹುಣ್ಣು, ಕತ್ತಿನ ನೋವುಗಳಿಂದ ಬಳಲಿದವರಿಗೆ ಬಿಡುಗಡೆಯಾಯಿತು.

ಇಷ್ಟು ಸರಳವಾದ ಸತ್ಯವು ಇಷ್ಟು ಕಾಲ ಮರೆಯಾಗಿ ಉಳಿದುದಕ್ಕೆ ಹಲವು ಕಾರಣಗಳುಂಟು. ಮೊದಲನೆಯದು ಭಯ. ‘ಸುಳ್ಳಾದರೆ ಸರಿ, ನಿಜವಾದರೆ ಏನು ಗತಿ?’ ಎಂದು ಅಂಜಿದವನು ಪರೀಕ್ಷೆ ಮಾಡಲಾರನು. ಎರಡನೆಯದು ಕಾಕತಾಳೀಯ. ಹರಕೆ ಹೊತ್ತ ಹತ್ತು ಮನೆಗಳಲ್ಲಿ ಒಂದು ಮನೆಯ ಕಾಯಿಲೆ ತಾನಾಗಿಯೇ ವಾಸಿಯಾದರೆ ಆ ಸುದ್ದಿ ಸುತ್ತಲಿನ ಹಳ್ಳಿಗಳಿಗೆಲ್ಲ ಹಬ್ಬುತ್ತದೆ; ವಾಸಿಯಾಗದ ಒಂಬತ್ತು ಮನೆಗಳ ಸುದ್ದಿಯನ್ನು ಯಾರೂ ಹೇಳುವುದಿಲ್ಲ. ಮೂರನೆಯದು ‘ನಾಲ್ಕು ಮಂದಿ ಏನೆಂದಾರು?’ ಎಂಬ ಅಳುಕು. ನಾಲ್ಕನೆಯದು ಸ್ವಾರ್ಥ. ಪದ್ಧತಿ ಉಳಿದರೆ ಲಾಭ ಪಡೆಯುವವರು ಅದನ್ನು ಧರ್ಮವೆಂದು ಸಾರುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾದುದು ಬಡತನ. ಔಷಧವೂ ಅಕ್ಷರವೂ ದೊರೆಯದ ಮನೆಯಲ್ಲಿ ಹರಕೆಯೊಂದೇ ಆಸರೆಯಾಗಿ ಉಳಿಯುತ್ತದೆ.

ಈ ಪದ್ಧತಿಯನ್ನು ತಡೆಯಲು ಕಾಯಿದೆಗಳು ಬಂದವು. ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1934ರಲ್ಲಿ, ದೇವದಾಸಿಯರ ರಕ್ಷಣೆಗೆಂದು ಆ ಪ್ರಾಂತದಲ್ಲಿ ಒಂದು ಕಾಯಿದೆಯಾಯಿತು. ಕರ್ನಾಟಕ ರಾಜ್ಯವು 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯಿದೆಯನ್ನು ರಚಿಸಿತು. ಅದು 1984ರಲ್ಲಿ ಜಾರಿಗೆ ಬಂದಿತು. ಬಾಲಕಿಯನ್ನು ದೇವರಿಗೆ ಬಿಡುವುದು ಅಪರಾಧವೆಂದೂ, ಹಾಗೆ ಬಿಡಲ್ಪಟ್ಟವಳು ಮದುವೆಯಾದರೆ ಆ ಮದುವೆ ಸಿಂಧುವೆಂದೂ ಅದು ಸಾರಿತು. ಈ ಕಾಯಿದೆಯಲ್ಲಿ ಗಮನಿಸಬೇಕಾದ ಒಂದು ಅಂಶವಿತ್ತು. ಸಮರ್ಪಣೆಗೆ ಕಾರಣರಾದವರಿಗೆ ಮೂರು ವರ್ಷಗಳವರೆಗೆ ಸೆರೆವಾಸವಾದರೆ, ಅಪರಾಧಿಯು ಬಾಲಕಿಯ ತಂದೆತಾಯಿಯೋ ಪಾಲಕನೋ ಬಂಧುವೋ ಆಗಿದ್ದಲ್ಲಿ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಐದು ವರ್ಷಗಳವರೆಗೆ ಸೆರೆವಾಸವನ್ನು ವಿಧಿಸಲಾಗಿತ್ತು. ಮಗುವು ಯಾರನ್ನು ಕಣ್ಣುಮುಚ್ಚಿ ನಂಬುತ್ತದೆಯೋ ಅವರ ಹೊಣೆ ಹೆಚ್ಚಿನದು ಎಂಬುದೇ ಇದರ ತಾತ್ಪರ್ಯ.

ಆದರೂ ಕಾಯಿದೆಯೊಂದರಿಂದಲೇ ನಂಬಿಕೆ ಅಳಿಯಲಿಲ್ಲ. ಸಮರ್ಪಣೆಯು ಗುಡ್ಡದಿಂದ ಮರೆಯಾಗಿ, ಗುಟ್ಟಾಗಿ ಮನೆಗಳಲ್ಲಿ ನಡೆಯತೊಡಗಿತು. 1993–94 ಹಾಗೂ 2007–08ರಲ್ಲಿ ರಾಜ್ಯದಲ್ಲಿ ನಡೆದ ಎರಡು ಸಮೀಕ್ಷೆಗಳಲ್ಲಿ ಗುರುತಿಸಲಾದ ದೇವದಾಸಿ ಮಹಿಳೆಯರ ಸಂಖ್ಯೆ ಒಟ್ಟು 46,660. ಪೊಲೀಸರು ಜಾತ್ರೆಯನ್ನು ಕಾಯಬಲ್ಲರು; ತಾಯಿ ಮಗಳ ಕಿವಿಯಲ್ಲಿ ಹೇಳುವ ಮಾತನ್ನು ಕಾಯಲಾರರು. ಆ ಮಾತನ್ನು ಬದಲಿಸಬಲ್ಲವರು ಅದನ್ನು ಕೇಳಿ ನೊಂದವರೇ.

ಹಾಗೆ ಬದಲಿಸಲು ಮುಂದಾದವರಲ್ಲಿ ಸೀತವ್ವ ಜೋಡಟ್ಟಿಯವರು ಒಬ್ಬರು. ಬೆಳಗಾವಿ ಜಿಲ್ಲೆಯವರೇ ಆದ ಇವರನ್ನು ಏಳನೆಯ ವಯಸ್ಸಿನಲ್ಲಿಯೇ ದೇವದಾಸಿಯನ್ನಾಗಿ ಮಾಡಲಾಗಿತ್ತು. ಅವರು ತಮಗೆ ಬಂದ ಬಳುವಳಿಯನ್ನು ಮುಂದಿನವರಿಗೆ ದಾಟಿಸಲು ಒಪ್ಪಲಿಲ್ಲ. 1997ರಲ್ಲಿ ರೂಪುಗೊಂಡ, ಮಾಜಿ ದೇವದಾಸಿಯರೇ ನಡೆಸುವ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ಯ ಮೂಲಕ ಅವರೂ ಅವರ ಸಂಗಡಿಗರೂ ಹಳ್ಳಿಗಳನ್ನು ತಿರುಗಿದರು. ಮಗಳನ್ನು ಬಿಡಲು ಮುಂದಾದ ತಾಯ್ತಂದೆಗಳ ಎದುರಿಗೆ ಕುಳಿತು ತಮ್ಮ ಬಾಳನ್ನೇ ಸಾಕ್ಷಿಯಾಗಿ ಮುಂದಿಟ್ಟರು. ಹೊರಗಿನಿಂದ ಬಂದ ಅಧಿಕಾರಿಯ ಮಾತನ್ನು ಅಲ್ಲಗಳೆಯಬಹುದು. ಅದೇ ಮುತ್ತನ್ನು ಕೊರಳಲ್ಲಿ ಹೊತ್ತವಳ ಮಾತನ್ನು ಅಲ್ಲಗಳೆಯುವುದು ಹೇಗೆ? ಸೀತವ್ವನವರ ಈ ಸೇವೆಯನ್ನು ಮೆಚ್ಚಿ ಭಾರತ ಸರಕಾರವು 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿತು. ಸರಪಳಿ ಎಷ್ಟೇ ಉದ್ದವಾಗಿರಲಿ, ಒಂದು ಕೊಂಡಿ ಕಳಚಿದರೆ ಅದು ಮುಂದೆ ಸಾಗದು.

ಹಿರಿಯರ ನಂಬಿಕೆಯನ್ನು ಪ್ರಶ್ನಿಸುವುದು ನಮ್ಮ ಸಂಸ್ಕೃತಿಗೆ ಹೊರತಾದುದೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಪ್ರಶ್ನಿಸುವುದೂ ನಮಗೆ ಬಂದ ಬಳುವಳಿಯೇ. ಹನ್ನೆರಡನೆಯ ಶತಮಾನದ ಶರಣರು ಹುಟ್ಟಿನಿಂದ ಬಂದ ಮೇಲುಕೀಳನ್ನೂ ಅರ್ಥವಿಲ್ಲದ ಆಚಾರವನ್ನೂ ನೇರವಾಗಿ ಪ್ರಶ್ನಿಸಿದರು. ತನಗೆ ವಿಧಿಸಿದ ಉಪನಯನವನ್ನು ಒಪ್ಪದೆ ಬಸವಣ್ಣನವರು ಬಾಲ್ಯದಲ್ಲಿಯೇ ಮನೆಯನ್ನು ತೊರೆದರೆಂಬ ಕಥೆ ನಾಡಿಗೆಲ್ಲ ತಿಳಿದಿದೆ. ಮಲಪ್ರಭೆಯ ತೀರದ ಮುಗುಟಖಾನ ಹುಬ್ಬಳ್ಳಿಯನ್ನು ಅವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಾನವೆಂದು ಜನರು ಗೌರವಿಸುತ್ತಾರೆ. ಪ್ರಶ್ನಿಸಿದವರನ್ನು ಪೂಜಿಸುವ ನೆಲದಲ್ಲಿ ಪ್ರಶ್ನಿಸುವುದು ತಪ್ಪಾಗಲಾರದು. ನಮ್ಮ ಕಾಲಕ್ಕೆ ಸಮೀಪದಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರಿಶೀಲಿಸುವ ಸಮಿತಿಯೊಂದನ್ನು ರಚಿಸಿದರು. ಅದೇ ವರ್ಷ ಸಂವಿಧಾನಕ್ಕೆ ಆದ 42ನೆಯ ತಿದ್ದುಪಡಿಯು ವೈಜ್ಞಾನಿಕ ಮನೋಭಾವ, ಮಾನವೀಯತೆ, ಜಿಜ್ಞಾಸೆ ಹಾಗೂ ಸುಧಾರಣೆಯ ಪ್ರವೃತ್ತಿಗಳನ್ನು ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯವೆಂದು ಸಾರಿತು.

ನಂಬಿಕೆಯನ್ನು ಪರೀಕ್ಷಿಸಿದರೆ ಭಕ್ತಿಗೆ ಧಕ್ಕೆಯಾಗುವುದೆಂಬ ಅಂಜಿಕೆಗೂ ಕಾರಣವಿಲ್ಲ. ಹಿಂದೆ ಸಿಡುಬು ಬಂದರೆ ಮೈಮೇಲೆ ‘ಅಮ್ಮ ಬಂದಳು’ ಎನ್ನುತ್ತಿದ್ದರು. 1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರನು ದನದ ಸಿಡುಬಿನಿಂದ ಈ ರೋಗವನ್ನು ತಡೆಯುವ ಬಗೆಯನ್ನು ತೋರಿಸಿದನು. ದೇಶದೇಶಗಳಲ್ಲಿ ಲಸಿಕೆ ಹಾಕಿದುದರ ಫಲವಾಗಿ ಭಾರತದಲ್ಲಿ 1975ರ ಬಳಿಕ ಸಿಡುಬು ಕಾಣಲಿಲ್ಲ. ಜಗತ್ತಿನಿಂದಲೇ ಅದು ತೊಲಗಿತೆಂದು 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಘೋಷಿಸಿತು. ಸಿಡುಬು ಹೋಯಿತು; ಅಮ್ಮನ ಗುಡಿಗೆ ಹೋಗುವವರು ಇಂದಿಗೂ ಹೋಗುತ್ತಾರೆ, ಆದರೆ ಮಕ್ಕಳನ್ನು ಕಳೆದುಕೊಳ್ಳುವ ಭಯವಿಲ್ಲದೆ ಹೋಗುತ್ತಾರೆ. ಹಾಗೆಯೇ ಯಲ್ಲಮ್ಮನ ಗುಡ್ಡಕ್ಕೆ ಕಾಯಿ, ಕರ್ಪೂರ, ಹೋಳಿಗೆಯ ನೈವೇದ್ಯ ಸಲ್ಲಲಿ. ಹೆಣ್ಣುಮಗುವಿನ ಬಾಳು ಸಲ್ಲುವುದು ಬೇಡ.

ಹಾಗಾದರೆ ನಮಗೆ ಬಂದ ನಂಬಿಕೆಗಳನ್ನು ಒರೆಗೆ ಹಚ್ಚುವುದು ಹೇಗೆ? ಪ್ರತಿಯೊಂದು ನಂಬಿಕೆಯ ಮುಂದೆಯೂ ನಾಲ್ಕು ಪ್ರಶ್ನೆಗಳನ್ನು ಇಟ್ಟು ನೋಡಬಹುದು. ಇದು ಹೇಗೆ ಬಂದಿತು? ಇದಕ್ಕೆ ಇರುವ ಆಧಾರವೇನು? ಇದರಿಂದ ಯಾರಿಗೆ ಲಾಭ, ಯಾರಿಗೆ ನೋವು? ಆ ನೋವು ನನ್ನ ಪಾಲಿಗೇ ಬಂದರೆ ನಾನು ಇದನ್ನು ಒಪ್ಪುವೆನೇ? ಚರಗ ಚೆಲ್ಲುವ ಆಚಾರವು ಈ ಪ್ರಶ್ನೆಗಳ ಮುಂದೆ ನಗುತ್ತ ನಿಲ್ಲುತ್ತದೆ. ಅದರಿಂದ ಹಕ್ಕಿಪಕ್ಷಿಗಳಿಗೆ ತುತ್ತು ಅನ್ನ ದೊರೆಯುತ್ತದೆಯೇ ಹೊರತು ಯಾರಿಗೂ ನೋವಿಲ್ಲ. ಮುತ್ತು ಕಟ್ಟುವ ಪದ್ಧತಿ ಮೂರನೆಯ ಪ್ರಶ್ನೆಯಲ್ಲಿಯೇ ಕುಸಿದುಬೀಳುತ್ತದೆ. ಹಳೆಯದೆಂದು ಒಪ್ಪಬೇಕಾಗಿಲ್ಲ, ಹಳೆಯದೆಂದು ಬಿಡಬೇಕಾಗಿಯೂ ಇಲ್ಲ. ಈ ಪ್ರಶ್ನೆಗಳನ್ನು ಅಜ್ಜಿ ಹೇಳಿದ ಮಾತಿಗೆ ಮಾತ್ರವಲ್ಲ, ಇಂದು ಮೊಬೈಲಿನಲ್ಲಿ ಬಂದು ಬೀಳುವ ಸುದ್ದಿಗೂ ಕೇಳಬೇಕು. ಮಾತು ಹೊಸ ದಾರಿಯಿಂದ ಬಂದ ಮಾತ್ರಕ್ಕೆ ನಿಜವಾಗುವುದಿಲ್ಲ.

ಪ್ರಶ್ನೆ ಕೇಳುವಾಗ ವಿನಯವನ್ನು ಬಿಡಬಾರದು. ಹಿರಿಯರನ್ನು ಹಂಗಿಸುವುದು ವಿಚಾರವಂತಿಕೆಯಲ್ಲ. ಅವರು ತಮಗೆ ತಿಳಿದುದರಲ್ಲಿ ಉತ್ತಮವಾದುದನ್ನೇ ಕೊಡಲು ಬಯಸಿದವರು. ‘ಇದು ಸುಳ್ಳು’ ಎಂದು ಎದುರುನಿಲ್ಲುವುದಕ್ಕಿಂತ ‘ಇದು ಹೇಗೆ, ನೋಡೋಣವೇ?’ ಎಂದು ಜೊತೆಗೆ ಕುಳಿತುಕೊಳ್ಳುವುದು ಲೇಸು. ಆದರೆ ಒಂದು ಜೀವಕ್ಕೆ ಕೇಡಾಗುವುದೆಂದು ತಿಳಿದ ಮೇಲೆ ವಿನಯದ ಹೆಸರಿನಲ್ಲಿ ಸುಮ್ಮನಿರುವುದೂ ಧರ್ಮವಲ್ಲ. ಆಗ ಗುರುಗಳಿಗೆ, ಊರಿನ ತಿಳಿವಳಿಕೆಯುಳ್ಳವರಿಗೆ, ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು.

ಜೋಳ ಬೆಳೆಯುವ ರೈತನು ರಾಶಿಯ ಕಾಳನ್ನೆಲ್ಲ ಬಿತ್ತನೆಗೆ ಇಡುವುದಿಲ್ಲ. ಒಳ್ಳೆಯ ತೆನೆಗಳನ್ನು ಆರಿಸಿ, ಜೊಳ್ಳನ್ನು ತೂರಿ, ಹುಳುಕನ್ನು ಬೇರ್ಪಡಿಸಿ, ಗಟ್ಟಿ ಕಾಳನ್ನು ಮಾತ್ರ ಮುಂದಿನ ಹಂಗಾಮಿಗೆ ಕಾಯ್ದಿಡುತ್ತಾನೆ. ಅವನು ತಂದೆಯಿಂದ ಬಂದ ಹೊಲವನ್ನು ಗೌರವಿಸುವ ರೀತಿಯೇ ಅದು. ಇಂದು ಮಕ್ಕಳಾಗಿರುವ ನೀವು ನಾಳೆ ತಂದೆತಾಯಿಗಳಾಗುವಿರಿ. ಕಿತ್ತೂರಿನ ಹಾಡನ್ನು ನಿಮ್ಮ ಮಕ್ಕಳಿಗೆ ಹೇಳಿಕೊಡಿರಿ; ಅದರೊಡನೆ, ‘ಯಾಕ?’ ಎಂದು ಅವರು ಕೇಳಿದಾಗ ತಡೆಯದೆ ಉತ್ತರಿಸುವ ಮನಸ್ಸನ್ನೂ ಇಟ್ಟುಕೊಳ್ಳಿರಿ.

ಪದಗಳ ಅರ್ಥ

ಬಳುವಳಿ – ತವರಿನಿಂದ ಅಥವಾ ಹಿರಿಯರಿಂದ ಬಂದ ಸ್ವತ್ತು
ಲಾಳಿ – ಹೊಕ್ಕಿನ ನೂಲನ್ನು ಒಯ್ಯುವ ಮಗ್ಗದ ಸಾಧನ
ಚರಗ – ಹೊಲದಲ್ಲಿ ಭೂದೇವಿಗೆ ಚೆಲ್ಲುವ ನೈವೇದ್ಯ
ದಫ್ತರ – ಸರಕಾರಿ ಕಾಗದಪತ್ರಗಳ ಸಂಗ್ರಹ
ಭಂಡಾರ – ದೇವರಿಗೆ ಅರ್ಪಿಸುವ ಅರಿಸಿನದ ಪುಡಿ
ಚೌಡಿಕೆ – ಯಲ್ಲಮ್ಮನ ಹಾಡಿಗೆ ನುಡಿಸುವ ತಂತಿವಾದ್ಯ
ಕಾಕತಾಳೀಯ – ಸಂಬಂಧವಿಲ್ಲದ ಎರಡು ಸಂಗತಿಗಳು ಒಟ್ಟಿಗೆ ಒದಗುವುದು
ಸಿಂಧು – ಕಾಯಿದೆಗೆ ಒಪ್ಪಿತವಾದುದು
ಜೊಳ್ಳು – ತಿರುಳಿಲ್ಲದ ಕಾಳು

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕಣ್ಣಿಗೆ ಕಾಣದ ಆಸ್ತಿ ಯಾವುದು?
2. ರಾಣಿ ಚೆನ್ನಮ್ಮನ ಸಮಾಧಿ ಎಲ್ಲಿದೆ?
3. ಸೀತವ್ವ ಜೋಡಟ್ಟಿಯವರಿಗೆ ಯಾವ ಪ್ರಶಸ್ತಿ ದೊರೆಯಿತು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಮಗುವು ಹಿರಿಯರ ಮಾತನ್ನು ಪ್ರಶ್ನಿಸದೆ ನಂಬುವುದೇಕೆ?
2. ಚೆನ್ನಮ್ಮನ ನೆನಪನ್ನು ಉಳಿಸಿದವರು ಯಾರು? ಹೇಗೆ?
3. ‘ಜಡೆ’ ಉಂಟಾಗುವ ನಿಜವಾದ ಕಾರಣವೇನು?
4. 1982ರ ಕಾಯಿದೆಯು ತಂದೆತಾಯಿಗಳಿಗೆ ಹೆಚ್ಚಿನ ಶಿಕ್ಷೆಯನ್ನು ವಿಧಿಸಿದುದರ ತಾತ್ಪರ್ಯವೇನು?

ಇ) ಸಂದರ್ಭ ಸಹಿತ ವಿವರಿಸಿರಿ.
1. “ಒರೆಗೆ ಹಚ್ಚಿದರೆ ಚಿನ್ನಕ್ಕೆ ಕುಂದಿಲ್ಲ.”
2. “ಹಿಂದಿನಿಂದ ನಡಕೊಂತ ಬಂದದ್ದವ್ವಾ, ಹಂಗೆಲ್ಲ ಕೇಳಬಾರದು.”

ಈ) ನಿಮ್ಮ ಮನೆಯಲ್ಲಿ ರೂಢಿಯಲ್ಲಿರುವ ಒಂದು ನಂಬಿಕೆಯನ್ನು ಆರಿಸಿಕೊಳ್ಳಿರಿ. ಅದು ಹೇಗೆ ಬಂದಿತೆಂದು ಹಿರಿಯರಿಂದ ಕೇಳಿ ತಿಳಿಯಿರಿ. ಪಾಠದಲ್ಲಿ ಹೇಳಿದ ನಾಲ್ಕು ಪ್ರಶ್ನೆಗಳನ್ನು ಅದಕ್ಕೆ ಅನ್ವಯಿಸಿ ಒಂದು ಪುಟದಷ್ಟು ಬರೆಯಿರಿ.

ಉ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ: ಮನೆಯಲ್ಲಿ, ಪರಂಪರಾಗತ, ಊರೂರು.